ಪಂಜರದ ಹಕ್ಕಿ ಯಾಕೆ ಕಿರುಚುತ್ತೆ? ಒಂದು ಡೆಸಿಬೆಲ್ ಲೆಕ್ಕ

ನಮ್ಮ ಮನೆ ಇರೋದು ಸಕ್ರೆಬೈಲಿನಲ್ಲಿ, ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಊರಿನ ಹೆಸರು ಹೇಳಿದ ತಕ್ಷಣ ಎಲ್ಲರೂ ಆನೆ ಬಿಡಾರದ ಬಗ್ಗೆ ಕೇಳ್ತಾರೆ. ಆದ್ರೆ ಈ ಲೇಖನ ಶುರುವಾಗಿದ್ದು ಆನೆಯಿಂದಲ್ಲ, 30 ಗ್ರಾಂ ತೂಗುವ ಒಂದು ಪುಟ್ಟ ಹಕ್ಕಿಯಿಂದ.

ಪಿಯುಸಿಯಲ್ಲಿದ್ದಾಗ ಒಂದು ಜೋಡಿ 'ಲವ್ ಬರ್ಡ್ಸ್' ತಂದಿದ್ದೆ. ಅದರಲ್ಲಿ ಒಂದು ಸತ್ತುಹೋಯ್ತು. ಆಮೇಲೆ ನಾನು ಹಾಸ್ಟೆಲ್‌ಗೆ ಬಂದೆ. ಎರಡೇ ವಾರಕ್ಕೆ ಅಮ್ಮನ ಫೋನ್: "ನಿನ್ನ ಹಕ್ಕಿ ಬೆಳಗ್ಗೆಯಿಂದ ಒಂದೇ ಸಮ ಕಿರುಚ್ತಿದೆ ಕಣೋ. ಪಕ್ಕದ ಮನೆ ಅಕ್ಕನ ಪಾಪು ಮಲಗ್ತಾನೇ ಇಲ್ವಂತೆ." ಅಪ್ಪ ಯಾರಿಗಾದ್ರೂ ಕೊಟ್ಟುಬಿಡೋಣ ಅಂದ್ರು. ನಾನು ದೊಡ್ಡ ಬುದ್ಧಿವಂತನ ಹಾಗೆ "ಪಂಜರಕ್ಕೆ ಬಟ್ಟೆ ಮುಚ್ಚಿ" ಅಂದೆ. ಅದು ತಪ್ಪು ಉತ್ತರ ಅಂತ ಓದಿದ ಮೇಲೆ ಗೊತ್ತಾಯ್ತು. ಓದಿದ್ದನ್ನ ನಿಮಗೂ ಹೇಳ್ತೀನಿ.

ಮೊದಲು ಹೆಸರು

ನಮ್ಮ ಕಡೆ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಅಂತ ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಬಜರಿಗರ್, ಅಂದ್ರೆ ಬಜ್ಜಿ. ಇದು ಆಸ್ಟ್ರೇಲಿಯಾದ ಒಣ ಬಯಲಿನ ಗಿಳಿ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು, ಬಾಲ ಮೊಂಡು, ಕೊಕ್ಕು ದಪ್ಪ, ಕೂಗು ಇನ್ನೂ ಚೂಪು. ತಲೆ ಮೇಲೆ ಜುಟ್ಟು ಇರೋದು ಕಾಕಟೀಲ್, ಅದೂ ಆಸ್ಟ್ರೇಲಿಯಾದ್ದೇ. ನಮ್ಮ ತೋಟಗಳಿಗೆ ಬರುವ ಹಸಿರು ಗಿಳಿಗಳನ್ನ ಮಾತ್ರ ಹಿಡಿದು ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಕೂಗು ಅಂದ್ರೆ ಏನು?

ಬಜ್ಜಿಗಳು ಕಾಡಲ್ಲಿ ಗುಂಪಾಗಿ ಬದುಕುತ್ತವೆ. ಹಾರುವಾಗ, ಮೇಯುವಾಗ ಒಂದಕ್ಕೊಂದು ಚಿಕ್ಕ ಚಿಕ್ಕ ಕೂಗು ಹಾಕ್ತಾನೇ ಇರುತ್ತವೆ. ನಮ್ಮ ಭಾಷೇಲಿ ಹೇಳೋದಾದ್ರೆ "ಎಲ್ಲಿದೀಯ?" "ಇಲ್ಲೇ ಇದೀನಿ". ಇದನ್ನ ಸಂಪರ್ಕ ಕೂಗು ಅನ್ನಬಹುದು. ಜೋಡಿಯಾಗುವಾಗ ಗಂಡು ಬಜ್ಜಿ ತನ್ನ ಕೂಗನ್ನ ಬದಲಾಯಿಸಿಕೊಂಡು ಹೆಣ್ಣಿನ ಕೂಗನ್ನೇ ಕಲಿಯುತ್ತೆ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ.

ಈಗ ಒಂಟಿ ಹಕ್ಕಿಯನ್ನ ಯೋಚಿಸಿ. "ಎಲ್ಲಿದೀಯ?" ಅಂತ ಕೇಳುತ್ತೆ, ಉತ್ತರ ಬರಲ್ಲ. ಇನ್ನೂ ಜೋರಾಗಿ ಕೇಳುತ್ತೆ. ಪಂಜರಕ್ಕೆ ಬಟ್ಟೆ ಮುಚ್ಚಿದ್ರೆ ಕತ್ತಲೆಯಲ್ಲಿ ಸುಮ್ಮನಾಗುತ್ತೆ ಅಷ್ಟೇ. ಪ್ರಶ್ನೆ ಹಾಗೇ ಉಳಿಯುತ್ತೆ.

ನಮ್ಮೂರ ಆನೆಗಳೂ ಹೀಗೇ ಮಾತಾಡ್ತವೆ, ನಮಗೆ ಕೇಳಿಸಲ್ಲ. 1984ರಲ್ಲಿ ಕೇಟಿ ಪೇನ್ ಅನ್ನೋ ಸಂಶೋಧಕಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಒಂದು ಕಂಪನ ಅನುಭವಕ್ಕೆ ಬಂತು. ರೆಕಾರ್ಡ್ ಮಾಡಿ ನೋಡಿದ್ರೆ 14ರಿಂದ 24 ಹರ್ಟ್ಜ್‌ನ ಸದ್ದು. ನಮ್ಮ ಕಿವಿ ಸುಮಾರು 20 ಹರ್ಟ್ಜ್‌ನಿಂದ ಮೇಲಿನದ್ದನ್ನ ಕೇಳುತ್ತೆ, ಅದೂ ಆ ತುದಿಯಲ್ಲಿ ತುಂಬಾ ಕ್ಷೀಣವಾಗಿ. ಬಜ್ಜಿಯ ಸಂಪರ್ಕ ಕೂಗು ಇರೋದು 2ರಿಂದ 4 ಕಿಲೋಹರ್ಟ್ಜ್‌ನಲ್ಲಿ. ಮನುಷ್ಯನ ಕಿವಿ ಅತಿ ಚುರುಕಾಗಿರೋದೂ ಸುಮಾರು ಅಲ್ಲೇ! ಅದಕ್ಕೇ ಇಷ್ಟು ಚಿಕ್ಕ ಹಕ್ಕಿ ಇಷ್ಟು ತಲೆ ತಿನ್ನುತ್ತೆ.

ಲೆಕ್ಕ

ಒಂದು ಹಕ್ಕಿಯ ಕೂಗು 1 ಮೀಟರ್ ದೂರದಲ್ಲಿ 70 ಡೆಸಿಬೆಲ್ ಅಂತ ಇಟ್ಕೊಳ್ಳೋಣ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆ ಆಗುತ್ತೆ. 2 ಮೀಟರ್‌ಗೆ 64, 4ಕ್ಕೆ 58, 8ಕ್ಕೆ 52. ಮನೆಯೊಳಗೆ ಗೋಡೆಗಳು ಸದ್ದನ್ನ ವಾಪಸ್ ಕಳಿಸೋದ್ರಿಂದ ಇಷ್ಟು ಇಳಿಯಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಅದು ಪ್ರದೇಶದ ಸರಾಸರಿ ಸದ್ದಿಗೆ, ಒಂದು ಕೂಗಿಗಲ್ಲ. ಆದ್ರೂ ಹೋಲಿಸೋಕೆ ಅನುಕೂಲ. ಪಂಜರ ಪಕ್ಕದ ಮನೆ ಕಿಟಕಿ ಕಡೆ ಇದ್ರೆ ಜಗಳ ಗ್ಯಾರಂಟಿ.

ಇನ್ನೊಂದು ಹಕ್ಕಿ ತಂದ್ರೆ? ಅಪ್ಪ "ಡಬಲ್ ಗಲಾಟೆ" ಅಂದ್ರು. ಆದ್ರೆ ಡೆಸಿಬೆಲ್ ಲಾಗ್ ಮಾಪನ. ಎರಡು ಒಂದೇ ಥರದ ಸದ್ದು ಸೇರಿದ್ರೆ 140 ಆಗಲ್ಲ, 10 ಲಾಗ್ 2, ಅಂದ್ರೆ 3 ಡೆಸಿಬೆಲ್ ಮಾತ್ರ ಏರುತ್ತೆ: 73. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಏರಬೇಕು.

ಇನ್ನು ಸಮಯ. ಒಂಟಿ ಹಕ್ಕಿ ದಿನಕ್ಕೆ 3 ಗಂಟೆ ಕೂಗುತ್ತೆ, ಜೋಡಿ 1 ಗಂಟೆ ಕೂಗುತ್ತೆ ಅಂದುಕೊಳ್ಳಿ. ಒಟ್ಟು ಶಬ್ದಶಕ್ತಿ ಮೊದಲನೆಯದಕ್ಕೆ 3 ಪಾಲು, ಎರಡನೆಯದಕ್ಕೆ 2 ಪಾಲು. ಹಕ್ಕಿ ಜಾಸ್ತಿ ಆಯ್ತು, ಸದ್ದು ಕಡಿಮೆ ಆಯ್ತು! ಜೋಡಿಯ ಚಿಲಿಪಿಲಿ ಇದ್ದೇ ಇರುತ್ತೆ, ಆದ್ರೆ 10 ಡೆಸಿಬೆಲ್ ಕಡಿಮೆ ಇರುವ ಸದ್ದಿನ ಶಕ್ತಿ ಹತ್ತನೇ ಒಂದು ಪಾಲು ಮಾತ್ರ.

ಸಂಗಾತಿ ಬೇಕೇ ಬೇಕಾ?

ಸ್ವಿಟ್ಜರ್ಲೆಂಡ್‌ನ 2008ರ ಪ್ರಾಣಿ ಸಂರಕ್ಷಣಾ ನಿಯಮದ ಪ್ರಕಾರ ಬಜ್ಜಿ, ಗಿಳಿಗಳಂಥ ಗುಂಪುಜೀವಿಗಳನ್ನ ಒಂಟಿಯಾಗಿ ಸಾಕೋ ಹಾಗಿಲ್ಲ. 2014ರಲ್ಲಿ ವಿಯೆನ್ನಾದ ಸಂಶೋಧಕರು ಆಫ್ರಿಕನ್ ಗ್ರೇ ಗಿಳಿಗಳ ರಕ್ತ ಪರೀಕ್ಷಿಸಿದಾಗ, ಒಂಟಿಯಾಗಿದ್ದವುಗಳ ಟೆಲೊಮಿಯರ್ (ಕ್ರೋಮೋಸೋಮಿನ ತುದಿಯ ಭಾಗ) ಜೋಡಿಯಾಗಿದ್ದ ಅದೇ ವಯಸ್ಸಿನ ಗಿಳಿಗಳಿಗಿಂತ ಚಿಕ್ಕದಾಗಿತ್ತು. ಅದು ಜೀವಕೋಶ ಬೇಗ ಮುಪ್ಪಾಗ್ತಿರೋ ಸೂಚನೆ.

ಸಂಗಾತಿ ತರೋರು ಗಮನಿಸಿ:

1. ಅದೇ ಜಾತಿಯ ಹಕ್ಕಿ ತನ್ನಿ. ಬಜ್ಜಿ ಜೊತೆ ಲವ್‌ಬರ್ಡ್ ಬಿಟ್ರೆ ಅದು ಬಜ್ಜಿಯ ಕಾಲು ಕಚ್ಚಿ ಗಾಯ ಮಾಡಬಹುದು.
2. ಹೊಸದನ್ನ ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ, ಕಾಯಿಲೆ ಇದ್ರೆ ಗೊತ್ತಾಗುತ್ತೆ. ಆಮೇಲೆ ಪಂಜರಗಳನ್ನ ಅಕ್ಕಪಕ್ಕ ಇಟ್ಟು, ಕೊನೆಗೆ ಸೇರಿಸಿ.
3. ಮರಿ ಬೇಡ ಅಂದ್ರೆ ಗೂಡಿನ ಮಡಕೆ ಇಡಬೇಡಿ.
4. ಕನ್ನಡಿ ಸಂಗಾತಿ ಅಲ್ಲ, ಅದು ಉತ್ತರ ಕೊಡಲ್ಲ.
5. ರಾತ್ರಿ 10–12 ಗಂಟೆ ಕತ್ತಲೆ, ನಿದ್ದೆ ಬೇಕು. ಬಟ್ಟೆ ಮುಚ್ಚೋದಾದ್ರೆ ಆಗ ಮಾತ್ರ.
6. ಕಿರುಚಿದಾಗ ಓಡಿ ಹೋಗಬೇಡಿ, ಬೈಯಬೇಡಿ. ಕೆಲಸ ಮಾಡ್ತಾನೇ ಆಗಾಗ ಒಂದು ಸಿಳ್ಳೆ ಹಾಕಿ. ಅದಕ್ಕೆ ಬೇಕಿರೋದು ಅಷ್ಟೇ ಉತ್ತರ.

ದಸರಾ ರಜೆಯಲ್ಲಿ ಎರಡನೇ ಹಕ್ಕಿ ತಂದೆ. ಪಂಜರವನ್ನ ರಸ್ತೆ ಕಡೆಯ ಕೋಣೆಗೆ ಸಾಗಿಸಿದೆ. ಬೆಳಗ್ಗೆ, ಸಂಜೆ ಗಲಾಟೆ ಈಗಲೂ ಇದೆ, ಅದು ಅವುಗಳ ಸ್ವಭಾವ. ಮಧ್ಯಾಹ್ನದ ಕಿರುಚಾಟ ಮಾತ್ರ ಹೆಚ್ಚುಕಡಿಮೆ ನಿಂತಿದೆ. ಪಾಪು ಮಲಗ್ತಿದೆ.

ಕೊನೆಯದಾಗಿ ಒಂದು ಮಾತು. ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರು ರೂಮಿನಲ್ಲಿ ಬೇಜಾರು ಅಂತ ಒಂದು ಬಜ್ಜಿ ತರೋ ಪ್ಲಾನ್ ಮಾಡಿದ್ರು. ನಾವು ಬೆಳಗ್ಗೆ ಕ್ಲಾಸಿಗೆ ಹೋದ್ರೆ ಲ್ಯಾಬ್ ಮುಗಿಸಿ ಬರೋದು ಸಂಜೆ. ನಮ್ಮ ಬೇಜಾರು ಕಳೆಯೋಕೆ ತಂದ ಹಕ್ಕಿ ಅಷ್ಟು ಹೊತ್ತು ಖಾಲಿ ರೂಮಿನಲ್ಲಿ "ಎಲ್ಲಿದೀಯ?" ಅಂತ ಕೇಳ್ತಾ ಕೂರುತ್ತೆ. ಬಜ್ಜಿ ಚೆನ್ನಾಗಿ ನೋಡಿಕೊಂಡ್ರೆ 5ರಿಂದ 10 ವರ್ಷ ಬದುಕುತ್ತೆ, ನಮ್ಮ ಡಿಗ್ರಿ 4 ವರ್ಷ. ಈ ಲೆಕ್ಕ ಮಾಡಿ ಆಮೇಲೆ ಅಂಗಡಿಗೆ ಹೋಗಿ.