ಬಣ್ಣಕ್ಕೆ ಮರುಳಾಗು, ಬೀಜಕ್ಕೆ ಬಿಡಬೇಡ

ಪರ್ತ್‌ನಲ್ಲಿ ಮನೆ ಕೊಂಡೆ, ಹಿತ್ತಲಿಗೆ ಸ್ಪಾರಾಕ್ಸಿಸ್ ಹೂವಿನ ಗಡ್ಡೆ ಹಾಕಲೇ ದೊಡ್ಡಪ್ಪಾ ಅಂತ ಕೇಳಿದೆಯಲ್ಲಮ್ಮ. ಕೆಂಪು, ಕಿತ್ತಳೆ ಎಸಳು, ನಡುವೆ ಹಳದಿ, ಸುತ್ತ ಕಾಡಿಗೆ ತೀಡಿದಂಥ ಕಪ್ಪು. ಮನಸ್ಸಾಗದೆ ಇರುತ್ತದೆಯೇ? ಹಾಕು. ಆದರೆ ಅದರ ಗುಣ ತಿಳಿದು ಹಾಕು.

ಅದರ ತವರು ದಕ್ಷಿಣ ಆಫ್ರಿಕಾ. ಮೂರು ಬಣ್ಣದ ಮೂಲಜಾತಿ ಕಾಡುಗಿಡವಾಗಿ ಬೆಳೆಯುವುದು ನ್ಯೂವೌಟ್‌ವಿಲ್ ಊರಿನ ಆಸುಪಾಸಿನ ಸ್ವಲ್ಪ ನೆಲದಲ್ಲಿ ಮಾತ್ರ. ಅಲ್ಲಿ ಮಳೆ ಚಳಿಗಾಲಕ್ಕೆ, ಬೇಸಿಗೆ ಒಣಒಣ. ಪರ್ತ್‌ನ ಹವೆಯೂ ಹಾಗೇ ಇರುವುದರಿಂದ ಗಡ್ಡೆಗೆ ಪರಸ್ಥಳ ಅನ್ನಿಸಲೇ ಇಲ್ಲ. ಆಸ್ಟ್ರೇಲಿಯಾದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಬೇಲಿ ದಾಟಿ ನೆಲೆಯೂರಿತು. ಇದರ ಬಳಗದ ಬಿಳಿ ಹೂವಿನ ಬಲ್ಬಿಫೆರಾ ಇನ್ನೂ ಚುರುಕು. ಬೀಜ ಸಾಲದೆಂದು ಎಲೆಯ ಬುಡದಲ್ಲೂ ಮರಿಗಡ್ಡೆ ಕಟ್ಟುತ್ತದೆ. ನಿಮ್ಮ ಸ್ವಾನ್ ನದಿ ಬಯಲಿನ ಜೌಗು ನೆಲದಲ್ಲಿ ಅಲ್ಲಿಯದೇ ಆದ ಸಣ್ಣ ಗಿಡಗಳ ಜಾಗ ನುಂಗಿರುವ ಕಳೆ ಅದು.

ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹೇಗೆ ಕಾಡನ್ನೇ ಆವರಿಸಿದೆ ಎಂದು ನೀನೇ ಕಂಡಿದ್ದೀಯ. ಅದಕ್ಕೇ ಇಷ್ಟು ಹೇಳುತ್ತೇನೆ.

ನೆಲಕ್ಕೆ ಹಾಕಬೇಡ, ಕುಂಡದಲ್ಲಿ ಹಾಕು. ನೀರು ಬಸಿದುಹೋಗುವ ಮಣ್ಣು ತುಂಬಿ, ಮಾರ್ಚ್‌–ಏಪ್ರಿಲ್‌ನಲ್ಲಿ ಎರಡು ಇಂಚು ಆಳಕ್ಕೆ ನೆಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಹೂ. ಹೂ ಬಾಡಿದ ಕೂಡಲೇ ದಂಟು ಚಿವುಟು, ಬೀಜ ಕಟ್ಟಲು ಬಿಡಬೇಡ. ಹಸಿರೆಲೆ ಮಾತ್ರ ಕೊಯ್ಯಬೇಡ, ಮುಂದಿನ ವರ್ಷದ ಗಡ್ಡೆಗೆ ಅದೇ ಊಟ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಬೇಸಿಗೆಯಿಡೀ ಮಲಗಲು ಬಿಡು. ಮರಿಗಡ್ಡೆ ಹೆಚ್ಚಾದರೆ ಗೊಬ್ಬರದ ಗುಂಡಿಗೂ ಬೇಡ, ಬೇಲಿಯಾಚೆಗಂತೂ ಬೇಡವೇ ಬೇಡ. ಚೀಲಕ್ಕೆ ಕಟ್ಟಿ ಕಸದ ಡಬ್ಬಿಗೆ ಹಾಕು.

ಊರಿಗೆ ಬರುವಾಗ ನನಗೆಂದು ನಾಲ್ಕು ಗಡ್ಡೆ ಪೆಟ್ಟಿಗೆಯಲ್ಲಿ ಅಡಗಿಸಿ ತರಬೇಡ. ಪರವಾನಗಿಯಿಲ್ಲದೆ ತರುವುದು ತಪ್ಪು. ತಂದರೂ, ಬೇಸಿಗೆಗೆ ಮಲಗಿದ ಗಡ್ಡೆಯ ಮೇಲೆ ನಮ್ಮ ಮುಂಗಾರು ಸುರಿದರೆ ಕೊಳೆತೇ ಹೋದೀತು.

ನಿನ್ನ ಹಿತ್ತಲಿನ ಹಿಂದೆಯೇ ಕಾಡಿದ್ದರೆ ಸ್ಪಾರಾಕ್ಸಿಸ್‌ನ ಆಸೆಯನ್ನೇ ಬಿಡು. ಅಲ್ಲಿಯ ರಾಜ್ಯಪುಷ್ಪ, ಕೆಂಪು–ಹಸಿರು ಕಾಂಗರೂ ಪಾ ಇದೆಯಲ್ಲ, ಅದನ್ನು ನೆಡು. ಬಣ್ಣಕ್ಕೆ ಅದೇನೂ ಕಡಿಮೆಯಿಲ್ಲ. ಜೇನು ಹೀರಲು ಅಲ್ಲಿಯ ಹಕ್ಕಿಗಳೂ ಬರುತ್ತವೆ.