ಅಂಗಳದಲ್ಲಿ ಓದಿದ್ದು, ಸಂತೆಯಲ್ಲಿ ಓದಿದ್ದು

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುವುದುಂಟು. ಕಟ್ಟೆಯ ಮೇಲೆ ಕೂತು, ಹೊತ್ತಿಗೆ ಬಿಚ್ಚಿ, ನಮ್ಮ ಮನೆತನದ ತಲೆಮಾರುಗಳನ್ನು ಓದಿ, ಕಾಳು-ಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಅವರು ಹಿಂದೊಮ್ಮೆ ಬಂದಾಗ ನಾನು ಮೊಬೈಲಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. ತಿಂಗಳೊಪ್ಪತ್ತಿನಲ್ಲಿ 214 ಹೆಸರು ಆನ್‌ಲೈನ್ ವಂಶವೃಕ್ಷ ಏರಿದವು.

ಬದುಕಿರುವವರ ವಿವರ ಮರೆಯಲ್ಲಿರುತ್ತದೆ ಎಂದು ಆ ತಾಣ ಹೇಳಿತ್ತು. ಸುಳ್ಳೇನಲ್ಲ. ನಮ್ಮ ಸೋದರತ್ತೆಯ ಚೌಕದಲ್ಲಿ ‘ಖಾಸಗಿ’ ಎಂದಷ್ಟೇ ಕಾಣುತ್ತಿತ್ತು. ಆದರೆ ಆಕೆಯ ಮೊದಲ ಗಂಡ ತೀರಿಕೊಂಡು ಐವತ್ತು ವರ್ಷ ದಾಟಿದೆ. ಅವನ ಪುಟ ಎಲ್ಲರಿಗೂ ತೆರೆದಿತ್ತು. ಅಲ್ಲಿನ ಟಿಪ್ಪಣಿಯಲ್ಲಿ ನಾನೇ, ದೊಡ್ಡ ಇತಿಹಾಸಕಾರನ ಗತ್ತಿನಲ್ಲಿ, ಅತ್ತೆಯ ಹೆಸರು, ಎಳೆಯ ವಯಸ್ಸಿಗೇ ವಿಧವೆಯಾದದ್ದು, ಆಮೇಲೆ ಯಾವ ಊರಿಗೆ ಉಡಿಕೆಯಾಗಿ ಹೋದದ್ದು ಎಲ್ಲವನ್ನೂ ಬರೆದಿದ್ದೆ. ಪುಣೆಯಲ್ಲಿರುವ ಆಕೆಯ ಮೊಮ್ಮಗಳು ಊರಿನ ಹೆಸರು ಹುಡುಕುತ್ತ ಆ ಪುಟಕ್ಕೇ ಬಂದಳು. ಅಜ್ಜಿಗೆ ಮೊದಲೊಂದು ಮದುವೆಯಾಗಿತ್ತೆಂದು ಅವಳಿಗೆ ಗೊತ್ತಾದದ್ದು ಹಾಗೆ.

“ತಮ್ಮಾ, ಹೆಳವ ಓದಿದ್ರ ನಮ್ಮ ಅಂಗಳದಾಗ ಓದತಿದ್ದ. ನೀ ಸಂತ್ಯಾಗ ನಿಂತು ಓದೀಯಲ್ಲೋ,” ಎಂದಳು ಅತ್ತೆ ಫೋನಿನಲ್ಲಿ.

ಅಂದು ರಾತ್ರಿ ಸೆಟ್ಟಿಂಗ್ಸ್ ಪುಟವನ್ನು ಮೊದಲ ಸಲ ಪೂರ್ತಿ ಓದಿದೆ. ಬೇರೆ ತಾಣಗಳ ನಿಯಮವನ್ನೂ ನೋಡಿದೆ. ಆನ್ಸೆಸ್ಟ್ರಿಯಲ್ಲಿ ಮರವನ್ನು ಖಾಸಗಿ ಮಾಡಿದರಷ್ಟೇ ಸಾಲದು, ಹುಡುಕಾಟದಲ್ಲಿ ಹೆಸರು ಇಣುಕದಂತೆ ಬೇರೆಯೇ ಗುರುತು ಹಾಕಬೇಕು. ಫ್ಯಾಮಿಲಿಸರ್ಚ್‌ನದು ಎಲ್ಲರೂ ಕೂಡಿ ಬೆಳೆಸುವ ಒಂದೇ ಮರ. ಬದುಕಿದ್ದವರು ಮರೆಯಲ್ಲಿ, ಸತ್ತವರು ಬಯಲಿನಲ್ಲಿ. ನಾನು ಎಡವಿದ್ದು ಇಲ್ಲೇ. ಯಂತ್ರ ನೋಡುವುದು ಹುಟ್ಟಿದ ವರ್ಷ, ಮರಣದ ಕಾಲಂ. ಸತ್ತವನ ಟಿಪ್ಪಣಿಯಲ್ಲಿ, ಫೋಟೊದ ಅಡಿಬರಹದಲ್ಲಿ ಬದುಕಿದ್ದವರು ಸಿಕ್ಕಿಬಿದ್ದಿದ್ದರೆ ಅದಕ್ಕೇನು ತಿಳಿದೀತು? ನಮ್ಮವ್ವನ ತವರಿನ ಅಡ್ಡಹೆಸರೂ ಹೀಗೇ ಬಯಲಿಗೆ ಬಿದ್ದಿತ್ತು. ಬ್ಯಾಂಕಿನ ಫಾರ್ಮಿನಲ್ಲಿ ಗುರುತಿಗೆಂದು ನಾನು ತುಂಬಿದ್ದು ಅದನ್ನೇ!

ಟಿಪ್ಪಣಿ ಅಳಿಸಿದೆ, ಮರವನ್ನು ಖಾಸಗಿ ಮಾಡಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಇಡೀ ಮರವನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ಜೆಡ್‌ಕಾಮ್ ಫೈಲನ್ನು ಹಿಂದೆ ಕಾಕಾನ ಮಗನಿಗೆ ಕಳಿಸಿದ್ದೆ. ಅವನು ಅದನ್ನು ಇನ್ನೊಂದು ತಾಣಕ್ಕೆ ಇದ್ದಂತೆಯೇ ಏರಿಸಿದ್ದ. ನಾನು ಇಲ್ಲಿ ಹಾಕಿದ ಬೀಗ ಅಲ್ಲಿಗೆ ಎಲ್ಲಿಯದು? ಅದನ್ನು ತೆಗೆಸಲು ಎರಡು ವಾರ ಹಿಡಿಯಿತು, ಒಂದು ಜಗಳವೂ ಆಯಿತು.

ದೀಪಾವಳಿಗೆ ಹೋದಾಗ ಅತ್ತೆಯ ಪಕ್ಕ ಕೂತು ಎಲ್ಲ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

“ಸತ್ತವರದು ಎಲ್ಲಾರಿಗೂ ಕಾಣತೈತಿ ಅಂದಿ. ನಾ ಸತ್ರ?”

“ಮರಾ ಮತ್ತ ತೆರದ್ರ ನಿಂದೂ ಕಾಣತೈತಿ, ಅತ್ತಿ.”

“ಹಂಗಾದ್ರ ಹುಡುಗಿ ಲಗ್ನ ಆಗೂತನಾ ನಾ ಸತ್ತದ್ದು ಅದಕ್ಕ ಹೇಳಬ್ಯಾಡ.”