ಕಂಪನಿ ದಿವಾಳಿಯಾದರೆ ನಿಮ್ಮ ಬಾಕಿ ಕೇಳುವುದು ಎಲ್ಲಿ?

ಸಂಬಳ ಬಾಕಿ ಉಳಿಸಿಕೊಂಡ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು ಎಂದರೆ ಹೆಚ್ಚಿನವರು ಮೊದಲು ಓಡುವುದು ಪೊಲೀಸ್ ಠಾಣೆಗೆ, ಇಲ್ಲವೇ ಸಿವಿಲ್ ಕೋರ್ಟಿಗೆ. ವಂಚನೆಯಾಗಿದ್ದರೆ ದೂರು ಕೊಡಿ, ಆದರೆ ಬಾಕಿ ವಸೂಲಿ ಠಾಣೆಯ ಕೆಲಸವಲ್ಲ. ಸಿವಿಲ್ ಕೋರ್ಟಿಗಂತೂ ಇಲ್ಲಿ ಅಧಿಕಾರವೇ ಇಲ್ಲ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪನಿಗಳ ದಿವಾಳಿ ವಿಚಾರಣೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ ಸೇರಿದ್ದು. ಕಂಪನಿಯ ನೋಂದಾಯಿತ ಕಚೇರಿ ಕರ್ನಾಟಕದಲ್ಲಿದ್ದರೆ ಪ್ರಕರಣ ಬೆಂಗಳೂರು ಪೀಠಕ್ಕೆ ಬರುತ್ತದೆ. ಕಾರ್ಖಾನೆ ಹೊಸೂರಲ್ಲಿದ್ದರೂ ಅಷ್ಟೇ.

ದಿವಾಳಿ ಪ್ರಕ್ರಿಯೆ ಶುರು ಮಾಡಿಸಲು ಅರ್ಜಿ ಹಾಕಬೇಕಾದರೆ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. 2020ರ ಮಾರ್ಚ್‌ಗೆ ಮುಂಚೆ ಈ ಮಿತಿ 1 ಲಕ್ಷವಿತ್ತು. ಹಾಗಾಗಿ ಪೀಣ್ಯದ ಸಣ್ಣ ಸರಬರಾಜುದಾರನೊಬ್ಬ ತಾನೇ ಅರ್ಜಿ ಹಾಕುವುದು ಈಗ ಕಷ್ಟ. ಆದರೆ ಬ್ಯಾಂಕೋ ಇನ್ನೊಬ್ಬರೋ ಹಾಕಿದ ಅರ್ಜಿ ಅಂಗೀಕಾರವಾದರೆ ಐದು ಸಾವಿರ ಬಾಕಿ ಇರುವವರೂ ತಮ್ಮ ಹಕ್ಕು ಮಂಡಿಸಬಹುದು. ಅನೇಕರಿಗೆ ಇದು ಗೊತ್ತಾಗುವುದೇ ಇಲ್ಲ.

ಅರ್ಜಿ ಅಂಗೀಕಾರವಾದ ದಿನವೇ ಕಂಪನಿಯ ಮೇಲಿನ ದಾವೆ, ಜಪ್ತಿಗಳಿಗೆ ತಡೆ ಬೀಳುತ್ತದೆ. ನಿರ್ದೇಶಕರ ಅಧಿಕಾರ ಅಮಾನತಾಗಿ, ಮಧ್ಯಂತರ ದಿವಾಳಿ ವೃತ್ತಿಪರರ ಕೈಗೆ ಆಡಳಿತ ಹೋಗುತ್ತದೆ. ಎಲ್ಲರೂ ಇವರನ್ನು ಐಆರ್‌ಪಿ ಎನ್ನುತ್ತಾರೆ. ಇವರು ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ‘ನಮೂನೆ ಎ’ ಪ್ರಕಟಣೆ ಕೊಡಬೇಕು. ಟೆಂಡರು, ಹರಾಜುಗಳ ನಡುವೆ ಕಣ್ಣು ತಪ್ಪಿಹೋಗುವ ಸಣ್ಣ ಅಕ್ಷರದ ಚೌಕ ಅದು. ಕಂಪನಿಯ ಹೆಸರು, ಐಆರ್‌ಪಿ ಹೆಸರು, ಇಮೇಲ್, ಹಕ್ಕು ಮಂಡಿಸಲು ಕೊನೆಯ ದಿನ ಎಲ್ಲವೂ ಅದರಲ್ಲೇ ಇರುತ್ತವೆ. ಐಆರ್‌ಪಿ ನೇಮಕವಾದ ದಿನದಿಂದ 14 ದಿನ ಗಡುವು. ತಪ್ಪಿದರೂ ಪ್ರಕ್ರಿಯೆ ಶುರುವಾಗಿ 90 ದಿನ ಆಗುವವರೆಗೆ ಅವಕಾಶವಿದೆ, ಅದನ್ನು ನೆಚ್ಚಿಕೊಂಡು ಕೂರಬೇಡಿ. ನೌಕರರಿಗೆ ನಮೂನೆ ಡಿ, ಸರಬರಾಜುದಾರರಿಗೆ ಬಿ, ಫ್ಲ್ಯಾಟ್ ಕೊಂಡವರಿಗೆ ಸಿಎ. ನೇಮಕಾತಿ ಪತ್ರ, ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ವಾಯ್ಸ್, ಹೀಗೆ ಬಾಕಿ ತೋರಿಸುವ ಯಾವ ಕಾಗದವಿದ್ದರೂ ಲಗತ್ತಿಸಿ. ಸುಮ್ಮನಿದ್ದರೆ ನಷ್ಟ ದೊಡ್ಡದು: ಕಂಪನಿಯನ್ನು ಉಳಿಸುವ ಪರಿಹಾರ ಯೋಜನೆಗೆ ಮಂಜೂರಾತಿ ಸಿಕ್ಕ ಮೇಲೆ ಅದರಲ್ಲಿ ಸೇರದ ಹಳೆಯ ಬಾಕಿಗಳು ಅಳಿದುಹೋಗುತ್ತವೆ ಎಂದು ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಬೈಜೂಸ್ ಪ್ರಕರಣ ನೋಡಿ. ಬಿಸಿಸಿಐಗೆ ಬರಬೇಕಿದ್ದ ಸುಮಾರು 158 ಕೋಟಿ ರೂಪಾಯಿಗಾಗಿ 2024ರ ಜುಲೈನಲ್ಲಿ ಬೆಂಗಳೂರು ಪೀಠ ಅರ್ಜಿ ಅಂಗೀಕರಿಸಿತು. ಆಗಸ್ಟ್‌ನಲ್ಲಿ ಇಬ್ಬರೂ ರಾಜಿಯಾದರು, ಚೆನ್ನೈನ ಮೇಲ್ಮನವಿ ಪೀಠ ಪ್ರಕ್ರಿಯೆ ಕೈಬಿಟ್ಟಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಒಮ್ಮೆ ಅಂಗೀಕಾರವಾದ ಮೇಲೆ ವ್ಯಾಜ್ಯ ಇಬ್ಬರದಾಗಿ ಉಳಿಯುವುದಿಲ್ಲ, ಎಲ್ಲ ಸಾಲದಾತರದೂ ಆಗುತ್ತದೆ. ಅರ್ಜಿ ಹಿಂಪಡೆಯುವುದಕ್ಕೂ ನಿಗದಿತ ದಾರಿಯಿದೆ.

ಆದರೆ ಕಂಪನಿಯ ಭವಿಷ್ಯ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಮತ ಇರುವುದು ಬ್ಯಾಂಕಿನಂಥ ಹಣಕಾಸು ಸಾಲದಾತರಿಗೆ. 2018ರಿಂದ ಮನೆ ಖರೀದಿದಾರರೂ ಆ ಸಾಲಿಗೆ ಸೇರಿದ್ದಾರೆ. ಕಚ್ಚಾ ಮಾಲು ಕೊಟ್ಟವನಿಗೆ, ಸಂಬಳ ಬಾಕಿಯ ನೌಕರನಿಗೆ ಮತವಿಲ್ಲ. ಇದು ಈ ಕಾನೂನಿನ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಂಪನಿ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಮುಚ್ಚುವ ಹಂತಕ್ಕೆ ಹೋದರೆ ಸ್ವಲ್ಪ ರಕ್ಷಣೆಯಿದೆ: ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ ಕಾರ್ಮಿಕರ 24 ತಿಂಗಳ ಬಾಕಿಗೆ ಭದ್ರತೆಯುಳ್ಳ ಸಾಲದಾತರ ಸರಿಸಮಾನ ಸ್ಥಾನ, ಅದರ ನಂತರ ಉಳಿದ ನೌಕರರ 12 ತಿಂಗಳ ಬಾಕಿ. ಸರ್ಕಾರದ ತೆರಿಗೆ ಇವರಿಗಿಂತ ಕೆಳಗೆ. ಭವಿಷ್ಯ ನಿಧಿಯ ಹಣ ಹಂಚಿಕೆಯ ಆಸ್ತಿಗೇ ಸೇರುವುದಿಲ್ಲ.

ಐಆರ್‌ಪಿ ನಿಮ್ಮ ಹಕ್ಕು ತಿರಸ್ಕರಿಸಿದರೆ ಎನ್‌ಸಿಎಲ್‌ಟಿಗೇ ಅರ್ಜಿ ಹಾಕಬಹುದು. ಅಲ್ಲೂ ಸೋತರೆ ಚೆನ್ನೈನಲ್ಲಿ ಮೇಲ್ಮನವಿಗೆ 30 ದಿನ, ತಕ್ಕ ಕಾರಣವಿದ್ದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಹೆಚ್ಚು ಸಿಗದು. ದಿನದ ಎಣಿಕೆ ಆದೇಶ ಹೊರಬಿದ್ದಂದಿನಿಂದಲೇ ಶುರುವಾಗುವುದರಿಂದ, ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಕೊಡಿ.